ಕುಟ್ರು ಯಾರ ದಾಯಾದಿ?

ಫೆಬ್ರುವರಿಯ ಬಿಸಿಲು ಏರುವ ಹೊತ್ತಿಗೆ ಕೊಪ್ಪದಿಂದ ಶೃಂಗೇರಿಗೆ ಹೋಗುವ ದಾರಿಯಲ್ಲಿ ಎಲ್ಲಾದರೂ ಗಾಡಿ ನಿಲ್ಲಿಸಿ ಎರಡು ನಿಮಿಷ ಸುಮ್ಮನೆ ನಿಲ್ಲಿ. ಅಡಿಕೆ ತೋಟದ ಮೇಲಿನ ಸೊಪ್ಪಿನ ಬೆಟ್ಟದಿಂದ ಮೊದಲು ‘ಟ್ರ್‌ರ್‌ರ್’ ಎಂದು ಗಂಟಲು ಸರಿಮಾಡಿಕೊಂಡ ಹಾಗೊಂದು ಸದ್ದು ಬರುತ್ತದೆ. ಅದರ ಬೆನ್ನಿಗೇ ‘ಕುಟ್ರೂ... ಕುಟ್ರೂ... ಕುಟ್ರೂ...’ ಶುರುವಾಗುತ್ತದೆ. ಅದು ನಿಲ್ಲುವ ಮೊದಲೇ ಕಣಿವೆಯ ಆಚೆಯಿಂದ ಇನ್ನೊಂದು ದನಿಗೂಡಿಸುತ್ತದೆ, ಆಮೇಲೆ ಮತ್ತೊಂದು. ಊಟ ಮುಗಿಸಿ ಜಗಲಿಯಲ್ಲಿ ಅಡ್ಡಾದವರ ಕಿವಿಗೂ ಅದೇ, ತೋಟದಲ್ಲಿ ಕೆಲಸ ಮಾಡುವವರ ಕಿವಿಗೂ ಅದೇ. ಮಲೆನಾಡಿನ ಬೇಸಿಗೆಗೆ ತನ್ನದೇ ಒಂದು ದನಿ ಅಂತ ಇದ್ದರೆ ಅದು ಕುಟ್ರು ಹಕ್ಕಿಯದು.

ಇಷ್ಟು ಕೂಗಿಯೂ ಅದು ಕಣ್ಣಿಗೆ ಬೀಳುವುದು ಕಡಿಮೆ. ಮೈಯೆಲ್ಲ ಎಲೆಯ ಹಸಿರು, ಕೂತಲ್ಲಿ ಅಲುಗಾಡದ ಸ್ವಭಾವ. ದನಿ ಎತ್ತಲಿಂದ ಬಂತು ಎಂದು ಕಿವಿ ತೀರ್ಮಾನಿಸುವುದರೊಳಗೆ ಕೂಗು ಇನ್ನೊಂದು ಮರಕ್ಕೆ ದಾಟಿರುತ್ತದೆ. ನಾನು ಹಕ್ಕಿ ನೋಡಲು ಕಲಿತ ಮೊದಲ ದಿನಗಳಲ್ಲಿ ಇದನ್ನು ಗಿಳಿಯ ಪೈಕಿ ಎಂದೇ ನಂಬಿದ್ದೆ. ಹಸಿರು ಮೈ, ದುಂಡು ತಲೆ, ದಪ್ಪ ಕೊಕ್ಕು, ಮರದ ತೂತಿನಲ್ಲಿ ಗೂಡು, ಹಣ್ಣಿನ ಊಟ. ಗಿಳಿಯ ಬಳಗ ಅಲ್ಲದೆ ಇನ್ನೇನು ಎಂದು ಯಾರಿಗಾದರೂ ಅನ್ನಿಸುತ್ತದೆ.

ನಿಜ ಬೇರೆಯೇ ಇದೆ. ಗಿಳಿಗೂ ಕುಟ್ರುವಿಗೂ ಹತ್ತಿರದ ಸಂಬಂಧವಿಲ್ಲ. ನಮ್ಮ ಕಾಡಿನಲ್ಲಿ ಇದರ ನೆಂಟ ಮರಕುಟಿಗ. ಇನ್ನೂ ಹತ್ತಿರದ ದಾಯಾದಿಗಳು ಇರುವುದು ಆಫ್ರಿಕದಲ್ಲಿ ಮತ್ತು ದಕ್ಷಿಣ ಅಮೆರಿಕದಲ್ಲಿ. ಚಿತ್ರಪುಸ್ತಕಗಳಲ್ಲಿ ಮಕ್ಕಳು ನೋಡುವ, ದೋಣಿಯಂಥ ಬಣ್ಣದ ಕೊಕ್ಕಿನ ಟೂಕನ್ ಹಕ್ಕಿ ನಮ್ಮ ಶೃಂಗೇರಿಯ ಕುಟ್ರುವಿಗೆ ದಾಯಾದಿ. ಇದನ್ನು ಹೇಗೆ ಕಂಡುಹಿಡಿದರು, ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ತಾಲ್ಲೂಕುಗಳಲ್ಲಿ ಸಿಗುವ ಕುಟ್ರುಗಳನ್ನು ನಾವು ಹೇಗೆ ಬೇರೆ ಬೇರೆ ಗುರುತಿಸಬಹುದು ಎಂಬುದನ್ನು ಇಲ್ಲಿ ವಿವರಿಸುತ್ತೇನೆ.

ಬಣ್ಣ ಸಂಬಂಧ ಹೇಳುವುದಿಲ್ಲ

ಮೊದಲು ಹಸಿರಿನ ವಿಷಯ. ಒಂದು ಗೋಣಿಮರ ಹಣ್ಣಾದಾಗ ಅದರ ಕೆಳಗೆ ಒಂದು ಬೆಳಗ್ಗೆ ಕೂತು ನೋಡಿ. ಗಿಳಿ ಬರುತ್ತದೆ, ಹಸಿರು. ಕಾಡುಪಾರಿವಾಳಗಳಲ್ಲಿ ಒಂದು ಜಾತಿ ಬರುತ್ತದೆ, ಅದೂ ಹಸಿರು. ಎಲೆಹಕ್ಕಿ ಹಸಿರು, ಕುಟ್ರು ಹಸಿರು. ಪಕ್ಕದ ತಂತಿಯ ಮೇಲೆ ಕೂತು ಹುಳ ಹಿಡಿಯುವ ಕಳ್ಳಿಪೀರವೂ ಹಸಿರು. ಈ ಐದೂ ಹಕ್ಕಿಗಳು ಐದು ಬೇರೆ ಬೇರೆ ಗಣಗಳಿಗೆ ಸೇರಿದವು. ಎಲೆಗಳ ನಡುವೆ ಬದುಕುವವರಿಗೆ ಎಲೆಯ ಬಣ್ಣ ಅನುಕೂಲ, ಅದಕ್ಕೇ ಸಂಬಂಧವಿಲ್ಲದ ಮನೆತನಗಳೂ ಅದನ್ನೇ ಉಟ್ಟಿವೆ.

ಇನ್ನೂ ಆಶ್ಚರ್ಯದ ಸಂಗತಿ ಎಂದರೆ ಹೆಚ್ಚಿನ ಹಸಿರು ಹಕ್ಕಿಗಳ ಗರಿಯಲ್ಲಿ ಹಸಿರು ಬಣ್ಣ ಎಂಬ ಪದಾರ್ಥವೇ ಇಲ್ಲ. ಗರಿಯ ಎಳೆಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಸ್ಪಂಜಿನಂಥ ರಚನೆ ಇರುತ್ತದೆ. ಬಿದ್ದ ಬೆಳಕಿನಲ್ಲಿ ನೀಲಿ ಭಾಗವನ್ನು ಮಾತ್ರ ಅದು ಹಿಂದಕ್ಕೆ ಎಸೆಯುತ್ತದೆ. ಅದರ ಮೇಲೆ ಹಳದಿ ವರ್ಣದ್ರವ್ಯದ ತೆಳುವಾದ ಲೇಪ. ನೀಲಿಯೂ ಹಳದಿಯೂ ಸೇರಿ ನಮ್ಮ ಕಣ್ಣಿಗೆ ಹಸಿರು. ತೋಟದಲ್ಲಿ ಹಸಿರು ಗರಿಯೊಂದು ಬಿದ್ದಿದ್ದರೆ ಅದನ್ನು ಬಿಸಿಲಿಗೆ ಅಡ್ಡವಾಗಿ ಹಿಡಿದು, ಬೆಳಕು ಗರಿಯ ಮೂಲಕ ಹಾದು ಬರುವಂತೆ ನೋಡಿ. ಹಸಿರು ಮಾಯವಾಗಿ ಮಂಕು ಕಂದು ಉಳಿಯುತ್ತದೆ. ನೋಡಿ ಅಲ್ಲೇ ಬಿಟ್ಟುಬನ್ನಿ. ಆ ಹಳದಿಯಲ್ಲೂ ವ್ಯತ್ಯಾಸವಿದೆ. ಹೆಚ್ಚಿನ ಹಕ್ಕಿಗಳು ತಮ್ಮ ಹಳದಿ ಕೆಂಪುಗಳನ್ನು ತಿಂದ ಹಣ್ಣು ಹುಳಗಳಿಂದ ಪಡೆಯುತ್ತವೆ. ಗಿಳಿಗಳು ಮಾತ್ರ ತಮ್ಮದೇ ಬೇರೊಂದು ವರ್ಣದ್ರವ್ಯವನ್ನು ಮೈಯೊಳಗೇ ತಯಾರಿಸಿಕೊಳ್ಳುತ್ತವೆ. ಹೊರಗಿನಿಂದ ಒಂದೇ ಹಸಿರು, ಒಳಗಿನ ಪಾಕ ಬೇರೆ. ಹೀಗಿರುವಾಗ ಬಣ್ಣ ಹಿಡಿದು ನೆಂಟಸ್ತನ ಹೇಳಲು ಹೊರಟರೆ ತಪ್ಪುವುದು ಖಂಡಿತ.

ಕಾಲು ನೋಡಬೇಕು

ಕೋಳಿಯ ಕಾಲು ಎಲ್ಲರಿಗೂ ಗೊತ್ತು. ಮೂರು ಬೆರಳು ಮುಂದಕ್ಕೆ, ಒಂದು ಹಿಂದಕ್ಕೆ. ಕಾಗೆ, ಗುಬ್ಬಿ, ಮಡಿವಾಳ, ಪಿಕಳಾರ ಎಲ್ಲವೂ ಹೀಗೆಯೇ. ಕುಟ್ರುವಿನ ಕಾಲಿನಲ್ಲಿ ಎರಡು ಬೆರಳು ಮುಂದಕ್ಕೆ, ಎರಡು ಹಿಂದಕ್ಕೆ. ಮರಕುಟಿಗನದೂ ಅದೇ ಜೋಡಣೆ. ನೆಟ್ಟಗೆ ನಿಂತ ಕಾಂಡಕ್ಕೆ ಅಂಟಿಕೊಂಡು, ಬಾಲವನ್ನು ಊರುಗೋಲಿನಂತೆ ಒತ್ತಿ, ಕೊಕ್ಕಿನಿಂದ ಕುಟ್ಟುವ ಕೆಲಸಕ್ಕೆ ಇಂಥ ಹಿಡಿತ ಬೇಕು. ಕುಟ್ರು ಗೂಡು ಕೊರೆಯುವಾಗ ನೋಡಿದರೆ ಆ ಹೊತ್ತಿಗೆ ಅದು ಮರಕುಟಿಗನೇ ಎನ್ನಿಸುತ್ತದೆ.

ಇಲ್ಲೂ ಒಂದು ಎಚ್ಚರಿಕೆ ಬೇಕು. ಗಿಳಿಗೂ ಎರಡು ಮುಂದೆ ಎರಡು ಹಿಂದೆ. ಕೋಗಿಲೆಗೂ ಕೆಂಬೂತಕ್ಕೂ ಹಾಗೆಯೇ. ಶೃಂಗೇರಿ ಕಾಡಿನ ದಟ್ಟ ನೆರಳಲ್ಲಿ ಕೂರುವ ಕಾಕರಣೆ ಹಕ್ಕಿಯದೂ ಎರಡು ಎರಡೇ. ಅದರಲ್ಲಿ ಹಿಂದಕ್ಕೆ ತಿರುಗಿದ್ದು ಒಂದನೆಯ ಮತ್ತು ಎರಡನೆಯ ಬೆರಳು, ಉಳಿದವುಗಳಲ್ಲಿ ಒಂದನೆಯದು ಮತ್ತು ನಾಲ್ಕನೆಯದು. ಇಡೀ ಪಕ್ಷಿಲೋಕದಲ್ಲಿ ಕಾಕರಣೆಯ ಬಳಗಕ್ಕೆ ಮಾತ್ರ ಇರುವ ಜೋಡಣೆ ಇದು. ಹಾಗಾಗಿ ಬೆರಳು ಎಣಿಸಿದರೆ ಸಾಲದು, ಚರ್ಮದ ಒಳಗೆ ನೋಡಬೇಕು. ಹಕ್ಕಿಯ ಕಾಲ್ಬೆರಳು ಮಡಚುವುದು ಎರಡು ಸ್ನಾಯುರಜ್ಜುಗಳ ಎಳೆತದಿಂದ. ಮರಕುಟಿಗ, ಕುಟ್ರು, ಟೂಕನ್ ಇವುಗಳಲ್ಲಿ ಒಂದು ರಜ್ಜು ಮೂರನೆಯ ಬೆರಳೊಂದಕ್ಕೇ ಹೋಗುತ್ತದೆ, ಇನ್ನೊಂದು ಕವಲೊಡೆದು ಉಳಿದ ಮೂರಕ್ಕೂ ಹೋಗುತ್ತದೆ. ಗಿಳಿಯಲ್ಲೋ ಕೋಗಿಲೆಯಲ್ಲೋ ಈ ಹಂಚಿಕೆ ಇಲ್ಲ. ಹೊರಗಿನ ರೂಪವನ್ನು ಬದುಕಿನ ಅಗತ್ಯ ಎಷ್ಟು ಸಲ ಬೇಕಾದರೂ ಹೊಸದಾಗಿ ತಿದ್ದಬಲ್ಲದು. ಯಾವುದೇ ಲಾಭವಿಲ್ಲದ ಇಂಥ ಒಳಗಿನ ವಿಚಿತ್ರ ಜೋಡಣೆ ಹಲವರಲ್ಲಿ ಒಂದೇ ತೆರ ಇದ್ದರೆ ಅದು ಒಬ್ಬ ಪೂರ್ವಜನಿಂದ ಬಂದದ್ದೆಂದು ತಿಳಿಯಬೇಕು. ಪ್ರಾಣಿಗಳ ವರ್ಗೀಕರಣದ ಜೀವಾಳವೇ ಈ ಮಾತು.

ಈ ಕಾಲಿನ ಬಳಗಕ್ಕೆ ವಿಜ್ಞಾನಿಗಳು ಪೈಸಿಫಾರ್ಮಿಸ್ ಎಂಬ ಗಣದ ಹೆಸರಿಟ್ಟಿದ್ದಾರೆ. ಪೈಕಸ್ ಎಂದರೆ ಲ್ಯಾಟಿನ್‌ನಲ್ಲಿ ಮರಕುಟಿಗ. ಮರಕುಟಿಗಗಳು, ಕುಟ್ರುಗಳು, ಟೂಕನ್‌ಗಳು, ಆಫ್ರಿಕದಲ್ಲಿ ಜೇನುಗೂಡಿನ ದಾರಿ ತೋರಿಸುವ ಹಕ್ಕಿಗಳು ಈ ಗಣದವು.

ಟೂಕನ್ ಎಂದಾಗ ನಮ್ಮವರು ಥಟ್ಟನೆ ಮಂಗಟ್ಟೆ ಹಕ್ಕಿಯನ್ನು ನೆನೆಯುತ್ತಾರೆ. ಎರಡಕ್ಕೂ ಭಾರಿ ಕೊಕ್ಕು, ಎರಡೂ ಹಣ್ಣು ತಿನ್ನುತ್ತವೆ, ಎರಡೂ ಪೊಟರೆಯಲ್ಲಿ ಮೊಟ್ಟೆ ಇಡುತ್ತವೆ. ಆದರೂ ಮಂಗಟ್ಟೆ ಬೇರೆ ಗಣದ್ದು, ಚಂದ್ರಮುಕುಟಕ್ಕೆ ಹತ್ತಿರದ್ದು. ಕಣ್ಣೆದುರಿಗೆ ಅಷ್ಟು ಹೋಲುವ ಮಂಗಟ್ಟೆ ಪರಕೀಯ, ಹೆಚ್ಚುಕಡಿಮೆ ಒಂದು ಗೇಣುದ್ದದ ಹಸಿರು ಕುಟ್ರು ದಾಯಾದಿ.

ಜಂಟಿ ಖಾತೆ ಪೋಡಿಯಾದ ಕತೆ

ಬಹಳ ಕಾಲ ಲೋಕದ ಎಲ್ಲ ಕುಟ್ರುಗಳನ್ನೂ ಒಂದೇ ಕುಟುಂಬದ ಖಾತೆಯಲ್ಲಿ ಇಟ್ಟಿದ್ದರು. ಏಷ್ಯಾದವು, ಆಫ್ರಿಕದವು, ಅಮೆರಿಕದವು ಎಲ್ಲವೂ ಕ್ಯಾಪಿಟೊನಿಡೆ. ಟೂಕನ್‌ಗಳಿಗೆ ಅವುಗಳ ಕೊಕ್ಕಿನ ದೆಸೆಯಿಂದ ಪ್ರತ್ಯೇಕ ಕುಟುಂಬ.

1980ರ ದಶಕದಲ್ಲಿ ಅಮೆರಿಕದ ಚಾರ್ಲ್ಸ್ ಸಿಬ್ಲಿ ಮತ್ತು ಜಾನ್ ಆಲ್ಕ್ವಿಸ್ಟ್ ಹಕ್ಕಿಗಳ ಡಿಎನ್‌ಎಯನ್ನು ಹೋಲಿಸುವ ದೊಡ್ಡ ಕೆಲಸಕ್ಕೆ ಕೈಹಾಕಿದ್ದರು. ಅವರ ವಿಧಾನ ಸರಳವಾಗಿ ಹೇಳಬಹುದಾದದ್ದು. ಡಿಎನ್‌ಎ ಎರಡು ಎಳೆಯ ಹುರಿ. ಕಾಯಿಸಿದರೆ ಹುರಿ ಬಿಚ್ಚಿಕೊಳ್ಳುತ್ತದೆ, ಆರಿಸಿದರೆ ಮತ್ತೆ ಹೆಣೆದುಕೊಳ್ಳುತ್ತದೆ. ಎರಡು ಬೇರೆ ಹಕ್ಕಿಗಳ ಎಳೆಗಳನ್ನು ಬೆರೆಸಿ ಆರಿಸಿದರೆ ಒಂದರ ಎಳೆ ಇನ್ನೊಂದರ ಎಳೆಗೆ ಹೆಣೆದುಕೊಳ್ಳುತ್ತದೆ. ಹತ್ತಿರದ ನೆಂಟರಾದರೆ ಹೆಣಿಗೆ ಬಿಗಿ, ಬಿಚ್ಚಲು ಹೆಚ್ಚು ಕಾವು ಬೇಕು. ದೂರದವರಾದರೆ ಅಲ್ಲಲ್ಲಿ ಹೊಂದದೆ ಸಡಿಲ, ಸ್ವಲ್ಪ ಬಿಸಿಗೇ ಬಿಚ್ಚುತ್ತದೆ. ಹೀಗೆ ಅಳೆದಾಗ ಅಮೆರಿಕದ ಕುಟ್ರುಗಳು ಏಷ್ಯಾ ಆಫ್ರಿಕದ ಕುಟ್ರುಗಳಿಗಿಂತ ಟೂಕನ್‌ಗಳಿಗೇ ಹತ್ತಿರ ಎಂದು ಕಂಡಿತು. 1988ರಲ್ಲಿ ರಿಚರ್ಡ್ ಪ್ರಮ್ ಎಂಬ ವಿಜ್ಞಾನಿ ಮೂಳೆ ಸ್ನಾಯುಗಳನ್ನು ಹೋಲಿಸಿ ನೋಡಿದಾಗಲೂ ಟೂಕನ್‌ಗಳು ಕುಟ್ರುಗಳ ನಡುವಿನಿಂದಲೇ ಕವಲೊಡೆದವು ಎಂಬ ಉತ್ತರ ಬಂತು. ಮುಂದೆ ಡಿಎನ್‌ಎಯ ಅಕ್ಷರಗಳನ್ನೇ ಓದುವ ಕಾಲ ಬಂದ ಮೇಲೆ ಅದು ಗಟ್ಟಿಯಾಯಿತು.

ಇದರಿಂದ ತೊಡಕು ಏನಾಯಿತು? ಒಂದು ಮನೆತನದ ವಂಶವೃಕ್ಷ ಬರೆಯುವಾಗ ಅಜ್ಜನ ಮಕ್ಕಳು ಮೊಮ್ಮಕ್ಕಳನ್ನೆಲ್ಲ ಬರೆದು, ಒಬ್ಬ ಮೊಮ್ಮಗನನ್ನು ಮಾತ್ರ ಮೂಗು ದೊಡ್ಡದು ಎಂಬ ಕಾರಣಕ್ಕೆ ಬಿಟ್ಟರೆ ಅದು ವಂಶವೃಕ್ಷ ಆಗುವುದಿಲ್ಲ. ಟೂಕನ್‌ಗಳನ್ನು ಹೊರಗಿಟ್ಟು ಉಳಿದವನ್ನು ಒಂದು ಕುಟುಂಬ ಎಂದದ್ದು ಅಂಥ ತಪ್ಪು. ಸರಿಪಡಿಸಲು ಎರಡು ದಾರಿ. ಟೂಕನ್‌ಗಳನ್ನೂ ಒಳಗೆ ಸೇರಿಸಿ ಎಲ್ಲರನ್ನೂ ಒಂದೇ ದೊಡ್ಡ ಕುಟುಂಬ ಮಾಡುವುದು, ಇಲ್ಲವೇ ಜಂಟಿ ಖಾತೆಯನ್ನು ಪೋಡಿ ಮಾಡಿ ಕವಲಿಗೊಂದು ಹಿಸ್ಸೆ ಕೊಡುವುದು. ಎರಡನ್ನೂ ವಿದ್ವಾಂಸರು ಪ್ರಯೋಗಿಸಿ ನೋಡಿದ್ದಾರೆ. ಇಂದು ಹೆಚ್ಚಾಗಿ ಒಪ್ಪಿರುವುದು ಎರಡನೆಯದನ್ನು. ಏಷ್ಯಾದ ಕುಟ್ರುಗಳಿಗೆ ಮೆಗಲೈಮಿಡೆ, ಆಫ್ರಿಕದವಕ್ಕೆ ಲಿಬಿಡೆ, ಅಮೆರಿಕದವಕ್ಕೆ ಹಳೆಯ ಹೆಸರು ಕ್ಯಾಪಿಟೊನಿಡೆ. ಅಮೆರಿಕದ್ದೇ ಆದ, ಎರಡೇ ಜಾತಿಗಳಿರುವ ಇನ್ನೊಂದು ಪುಟ್ಟ ಕುಟುಂಬ, ಮತ್ತು ಟೂಕನ್‌ಗಳದು. ನಮ್ಮ ಮೆಗಲೈಮಿಡೆ ಕುಟುಂಬದಲ್ಲಿ ಸುಮಾರು 35 ಜಾತಿಗಳು. ಹಿಮಾಲಯದ ತಪ್ಪಲಿನಿಂದ ಸುಮಾತ್ರ, ಬೋರ್ನಿಯೊ ದ್ವೀಪಗಳ ತನಕ ಹರಡಿವೆ.

ಪೋಡಿ ನನಗೂ ಸರಿ ಎನ್ನಿಸುತ್ತದೆ. ನಮ್ಮ ಕುಟ್ರುಗಳು ಬಹಳ ಹಿಂದೆಯೇ ಕವಲೊಡೆದು ತಮ್ಮ ಪಾಡಿಗೆ ಏಷ್ಯಾದ ಕಾಡುಗಳಲ್ಲಿ ಬೆಳೆದವು. ಅವಕ್ಕೆ ಅವುಗಳದೇ ಹೆಸರು ಇರುವುದು ನ್ಯಾಯ.

ಪುಸ್ತಕದಲ್ಲೊಂದು, ಪಟ್ಟಿಯಲ್ಲೊಂದು

ಹಳೆಯ ಪಕ್ಷಿಪುಸ್ತಕ ಕೈಯಲ್ಲಿಟ್ಟುಕೊಂಡು ಇವತ್ತಿನ ಇ-ಬರ್ಡ್ ಜಾಲತಾಣದ ಪಟ್ಟಿ ತೆರೆದವರು ಕಂಗಾಲಾಗುತ್ತಾರೆ. ಪುಸ್ತಕದಲ್ಲಿ ಮೆಗಲೈಮಾ, ಪಟ್ಟಿಯಲ್ಲಿ ಸೈಲೊಪೊಗಾನ್. ಎರಡೂ ಒಂದೇ ಹಕ್ಕಿಗಳು.

ನಡೆದದ್ದು ಹೀಗೆ. 1830ರ ದಶಕದಲ್ಲಿ ಜರ್ಮನ್ ನಿಸರ್ಗತಜ್ಞ ಸಾಲೊಮನ್ ಮ್ಯುಲ್ಲರ್ ಸುಮಾತ್ರದ ಒಂದು ವಿಶಿಷ್ಟ ಕುಟ್ರುವಿಗೆ ಸೈಲೊಪೊಗಾನ್ ಎಂಬ ಕುಲನಾಮ ಕೊಟ್ಟ. ಕೊಕ್ಕಿನ ಬುಡದಲ್ಲಿ ಬೆಂಕಿಯ ಬಣ್ಣದ ಜುಟ್ಟಿರುವ ಹಕ್ಕಿ ಅದು, ಉಳಿದವುಗಳಿಗಿಂತ ಬೇರೆ ಎಂದೇ ಎಲ್ಲರೂ ನಂಬಿದ್ದರು. ನಮ್ಮ ಕುಟ್ರುಗಳಿಗೆ ಆಮೇಲೆ 1840ರ ದಶಕದಲ್ಲಿ ಮೆಗಲೈಮಾ ಎಂಬ ಹೆಸರು ಬಂತು. ಗ್ರೀಕ್‌ನಲ್ಲಿ ದೊಡ್ಡ ಗಂಟಲು ಎಂದರ್ಥ, ಕೂಗು ಕೇಳಿದವರು ಒಪ್ಪುವ ಹೆಸರು. 2013ರಲ್ಲಿ ಏಷ್ಯಾದ ಕುಟ್ರುಗಳ ಡಿಎನ್‌ಎ ವಂಶವೃಕ್ಷ ಪ್ರಕಟವಾದಾಗ ಸುಮಾತ್ರದ ಆ ಜುಟ್ಟಿನ ಹಕ್ಕಿ ಬೇರೆಯದಲ್ಲ, ಮೆಗಲೈಮಾಗಳ ನಡುವೆಯೇ ಹುಟ್ಟಿದ ಕವಲು ಎಂದು ಗೊತ್ತಾಯಿತು. ಎರಡು ಕುಲ ಒಂದಾದಾಗ ಮೊದಲು ಪ್ರಕಟವಾದ ಹೆಸರಿಗೇ ಹಕ್ಕು, ಇದು ಪ್ರಾಣಿನಾಮಕರಣದ ನಿಯಮ. ಹೀಗೆ ನಮ್ಮ ಕುಟ್ರುಗಳೆಲ್ಲ ಒಂದೇ ಸಲಕ್ಕೆ ಸೈಲೊಪೊಗಾನ್ ಆದವು. ಬೋಳುಗಡ್ಡ ಎಂದು ಅದರ ಅರ್ಥ. ಮೊದಲಿನ ಹೆಸರಿನ ಅಂದ ಇದಕ್ಕಿಲ್ಲ, ಆದರೆ ನಿಯಮ ಎಲ್ಲರಿಗೂ ಒಂದೇ. ಹೊಸ ಕುಲನಾಮ ವ್ಯಾಕರಣದಲ್ಲಿ ಪುಲ್ಲಿಂಗವಾದ್ದರಿಂದ ಜಾತಿಯ ಹೆಸರಿನ ಕೊನೆಯೂ ಬದಲಾಯಿತು. ಝೈಲಾನಿಕಾ ಇದ್ದದ್ದು ಝೈಲಾನಿಕಸ್, ಹೀಮಾಸೆಫಲಾ ಇದ್ದದ್ದು ಹೀಮಾಸೆಫಲಸ್.

ನಮ್ಮಲ್ಲೇ ನೋಡಿ, ಎಡೇಹಳ್ಳಿ ಎಂಬ ಊರು ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಹೆಸರಿನಲ್ಲಿ ನರಸಿಂಹರಾಜಪುರವಾಯಿತು. ಹಳೆಯ ಕಾಗದಪತ್ರದಲ್ಲಿ ಎಡೇಹಳ್ಳಿ ಎಂದಿದ್ದರೆ ಊರು ಬೇರೆ ಎಂದು ಯಾರೂ ತಿಳಿಯುವುದಿಲ್ಲ. ಹಕ್ಕಿಯ ಹೆಸರನ್ನೂ ಹಾಗೆಯೇ ಓದಿಕೊಂಡರೆ ಆಯಿತು.

ನಮ್ಮ ಮನೆ ಹಿಂದಿನ ಸಾಮಾನ್ಯ ಕುಟ್ರುವಿನ ಹೆಸರಿಗೂ ಒಂದು ಚರಿತ್ರೆಯಿದೆ. ಫ್ರೆಂಚರ ಕೈಯಲ್ಲಿದ್ದ ಮಾಹೆಯಿಂದ ಹೋದ ಒಂದು ಹಕ್ಕಿಯನ್ನು ನೋಡಿ ಫ್ರೆಂಚ್ ನಿಸರ್ಗತಜ್ಞ ಬ್ಯುಫೋನ್ ಅದನ್ನು ತನ್ನ ಗ್ರಂಥದಲ್ಲಿ ವರ್ಣಿಸಿದ, ಬಣ್ಣದ ಚಿತ್ರವೂ ಅಚ್ಚಾಯಿತು. ಆದರೆ ಲ್ಯಾಟಿನ್ ಹೆಸರು ಇಡಲಿಲ್ಲ. ಡಚ್ ವೈದ್ಯ ಪೀಟರ್ ಬೊಡ್ಡೆರ್ಟ್ 1783ರಲ್ಲಿ ಆ ಚಿತ್ರಗಳಿಗೆ ಪಟ್ಟಿ ಮಾಡುತ್ತ ಇದಕ್ಕೆ ಬಕ್ಕೊ ವಿರಿಡಿಸ್ ಎಂದು ಹೆಸರಿಟ್ಟ. ವಿರಿಡಿಸ್ ಎಂದರೆ ಹಸಿರು. ಬಕ್ಕೊ ಎಂಬ ಹೆಸರು ಈಗ ದಕ್ಷಿಣ ಅಮೆರಿಕದ ಬೇರೆಯೇ ಹಕ್ಕಿಗಳಿಗೆ ಉಳಿದಿದೆ. ಕುಲ ಬದಲಾಗುತ್ತ ಬಂದರೂ ವಿರಿಡಿಸ್ ಮಾತ್ರ ಇಂದಿಗೂ ಹಾಗೇ ಇದೆ.

ಮೂರು ತಾಲ್ಲೂಕು, ನಾಲ್ಕು ಕುಟ್ರು

ಶೃಂಗೇರಿಯ ಪಶ್ಚಿಮಕ್ಕೆ ಕಿಗ್ಗ, ನರಸಿಂಹ ಪರ್ವತ, ಕುದುರೆಮುಖದ ಸಾಲು. ಆಗುಂಬೆಯ ಮಳೆಯಲ್ಲೇ ತೋಯುವ ನಿತ್ಯಹಸಿರು ಕಾಡು. ನಡುವೆ ಕೊಪ್ಪದ ಅಡಿಕೆ ಕಾಫಿ ತೋಟಗಳು. ಪೂರ್ವಕ್ಕೆ ಬಂದಂತೆ ಮಳೆ ಇಳಿಯುತ್ತ ನರಸಿಂಹರಾಜಪುರದ ಭದ್ರಾ ಹಿನ್ನೀರಿನ ಕಡೆ ಸಾಗುವಾನಿ, ಬಿದಿರು, ಬೇಸಿಗೆಗೆ ಎಲೆ ಉದುರಿಸುವ ಕಾಡು. ಒಂದು ದಿನದಲ್ಲಿ ದಾಟಬಹುದಾದ ಈ ದಾರಿಯುದ್ದಕ್ಕೂ ಕುಟ್ರುಗಳು ಬದಲಾಗುತ್ತವೆ.

ಎಲ್ಲ ಕಡೆ ಸಿಗುವುದು ಬಿಳಿಗೆನ್ನೆಯ ಕುಟ್ರು, ಅಂದರೆ ವಿರಿಡಿಸ್. ಗಾತ್ರದಲ್ಲಿ ಹೆಚ್ಚುಕಡಿಮೆ ಮೈನಾದಷ್ಟೇ. ಹಸಿರು ಮೈ, ಕಂದು ತಲೆ, ಕಣ್ಣಿನ ಮೇಲೊಂದು ಬಿಳಿ ಗೆರೆ, ಕೆಳಗೊಂದು ಅಗಲ ಬಿಳಿ ಗೆರೆ. ಎದೆಯ ಕಂದಿನ ಮೇಲೆ ಬಿಳಿ ಗೀರುಗಳು. ಇದು ದಕ್ಷಿಣ ಭಾರತದ ಪಶ್ಚಿಮಘಟ್ಟ ಮತ್ತು ಅದಕ್ಕೆ ಹೊಂದಿದ ಬೆಟ್ಟಗಳನ್ನು ಬಿಟ್ಟರೆ ಪ್ರಪಂಚದ ಬೇರೆಲ್ಲೂ ಇಲ್ಲ. ನಮಗೆ ದಿನನಿತ್ಯದ ಈ ಹಕ್ಕಿಯನ್ನು ನೋಡಲು ಹೊರದೇಶದವರು ವಿಮಾನ ಹತ್ತಿ ಬರುತ್ತಾರೆ. ಸಲೀಂ ಅಲಿಯವರ ಹಳೆಯ ಪುಸ್ತಕಗಳಲ್ಲಿ ಇದು ‘ಸ್ಮಾಲ್ ಗ್ರೀನ್ ಬಾರ್ಬೆಟ್’.

ನರಸಿಂಹರಾಜಪುರದ ಒಣಕಾಡಿನ ಕಡೆ ಇದರ ಕೂಗನ್ನೇ ಹೋಲುವ, ಸ್ವಲ್ಪ ಗಡಸಾದ ಕುಟ್ರೂ ಕೇಳಿದರೆ ಅವಸರದಲ್ಲಿ ಪಟ್ಟಿಗೆ ಬರೆಯಬೇಡಿ. ಅಲ್ಲಿ ಕಂದುತಲೆಯ ದೊಡ್ಡ ಕುಟ್ರು, ಝೈಲಾನಿಕಸ್, ಇರಬಹುದು. ಉದ್ದ ಸುಮಾರು 27 ಸೆಂಟಿಮೀಟರ್, ಬಿಳಿಗೆನ್ನೆಯದಕ್ಕಿಂತ ಎದ್ದು ಕಾಣುವಷ್ಟು ದೊಡ್ಡದು. ಕೆನ್ನೆಯಲ್ಲಿ ಬಿಳಿ ಗೆರೆ ಇಲ್ಲ. ಕೊಕ್ಕಿನ ಬುಡದಿಂದ ಕಣ್ಣಿನ ಸುತ್ತ ತನಕ ಗರಿಯಿಲ್ಲದ ಕಿತ್ತಳೆ ಚರ್ಮ. ಇವೆರಡನ್ನೂ ಕಿವಿಯಿಂದ ತೀರ್ಮಾನಿಸುವುದು ಅಪಾಯ, ಮುಖ ನೋಡಿಯೇ ಹೇಳಬೇಕು. ಹಳೆಯ ಪುಸ್ತಕದಲ್ಲಿ ಇದು ‘ಲಾರ್ಜ್ ಗ್ರೀನ್’.

ಮೂರನೆಯದು ಕಂಚುಗಾರ ಹಕ್ಕಿ, ಹೀಮಾಸೆಫಲಸ್. ಗುಬ್ಬಿಗಿಂತ ದಪ್ಪ, ಮೊಂಡು ಬಾಲ. ಹಣೆಯ ಮೇಲೊಂದು ಎದೆಯ ಮೇಲೊಂದು ಕೆಂಪು ಮಚ್ಚೆ, ಕಣ್ಣಿನ ಸುತ್ತ ಮತ್ತು ಗಂಟಲು ಹಳದಿ. ‘ಟಂಕ್ ಟಂಕ್ ಟಂಕ್’ ಎಂದು ಕಂಚಿನ ಪಾತ್ರೆ ಬಡಿದಂತೆ ನಿಮಿಷಕ್ಕೆ ನೂರಕ್ಕೂ ಮೀರಿ ಒಂದೇ ಲಯದಲ್ಲಿ ಬಡಿಯುತ್ತದೆ. ಕೂಗುವಾಗ ಬಾಯಿ ತೆರೆಯುವುದಿಲ್ಲ. ಗಂಟಲಿನ ಎರಡು ಬದಿಯ ಬರಿಚರ್ಮ ಪ್ರತಿ ಸದ್ದಿಗೂ ರಬ್ಬರ್ ಬುಗ್ಗೆಯಂತೆ ಉಬ್ಬಿ ಇಳಿಯುತ್ತದೆ, ದೂರದರ್ಶಕ ಇದ್ದರೆ ಇದನ್ನು ಸ್ಪಷ್ಟವಾಗಿ ನೋಡಬಹುದು. ದಟ್ಟ ಕಾಡಿಗಿಂತ ಊರು, ಸಾಲುಮರ, ತೆರೆದ ತೋಟ ಇದಕ್ಕೆ ಇಷ್ಟ. ಪಾಕಿಸ್ತಾನದಿಂದ ಫಿಲಿಪ್ಪೀನ್ಸ್ ತನಕ ಹರಡಿರುವ ಹಕ್ಕಿ ಇದು.

ನಾಲ್ಕನೆಯದೇ ಈ ಬೆಟ್ಟಗಳ ನಿಜವಾದ ರತ್ನ, ಮಲಬಾರ್ ಕುಟ್ರು. ಗಾತ್ರದಲ್ಲಿ ಕಂಚುಗಾರನಷ್ಟೇ. ಮುಖ, ಗಂಟಲು, ಎದೆಯ ಮೇಲ್ಭಾಗ ಎಲ್ಲ ಕಡುಗೆಂಪು. ಹಳದಿ ಇಲ್ಲ. ಕೂಗು ಕಂಚುಗಾರನದೇ ಧಾಟಿ, ಆದರೆ ಇನ್ನೂ ಮೆತ್ತಗೆ, ಇನ್ನೂ ಬೇಗ. ಪಶ್ಚಿಮಘಟ್ಟದ ನಿತ್ಯಹಸಿರು ಕಾಡಿಗೆ, ಅದರ ಅಂಚಿನ ನೆರಳಿನ ತೋಟಗಳಿಗೆ ಮಾತ್ರ ಸೀಮಿತ. ಹುಡುಕುವುದಾದರೆ ಕಿಗ್ಗದ ಕಡೆಯ ಕಾಡಿನಲ್ಲಿ ಹಣ್ಣು ಬಿಟ್ಟ ಬಸರಿಯನ್ನೋ ಗೋಣಿಯನ್ನೋ ಮೊದಲು ಹುಡುಕಿ. ಪ್ರಾಣಿಶಾಸ್ತ್ರಜ್ಞ ಎಡ್ವರ್ಡ್ ಬ್ಲೈತ್ 1847ರಲ್ಲಿ ಇದನ್ನು ಸ್ವತಂತ್ರ ಜಾತಿ ಎಂದೇ ಹೆಸರಿಸಿದ್ದ. ಆಮೇಲೆ ಬಂದವರು ಶ್ರೀಲಂಕೆಯ ಒಂದು ಕುಟ್ರುವಿನ ಉಪಜಾತಿ ಎಂದು ಅದರ ಕೆಳಗೆ ಸೇರಿಸಿದರು. ಶ್ರೀಲಂಕೆಯದರ ಗಂಟಲು ಕಿತ್ತಳೆ ಹಳದಿ, ನಮ್ಮದರ ಗಂಟಲು ರಕ್ತಗೆಂಪು. ನಡುವೆ ಸಮುದ್ರ ಇದೆ. ಈಗ ಮತ್ತೆ ಎರಡನ್ನೂ ಬೇರೆ ಜಾತಿ ಎಂದು ಒಪ್ಪಿದ್ದಾರೆ, ಬ್ಲೈತ್ ಕೊಟ್ಟ ಮಲಬಾರಿಕಸ್ ಎಂಬ ಹೆಸರು ತನ್ನ ಜಾಗಕ್ಕೆ ಮರಳಿದೆ.

ಬಣ್ಣ ಸಂಬಂಧ ಹೇಳುವುದಿಲ್ಲ ಎಂದು ಮೇಲೆ ಹೇಳಿದೆ. ಇಲ್ಲಿ ಬಣ್ಣ ಹಿಡಿದೇ ಗುರುತು ಹೇಳುತ್ತಿದ್ದೇನೆ. ಎರಡೂ ಸರಿಯೇ. ಬಣ್ಣದ ಮಚ್ಚೆ ಒಂದೇ ಮನೆಯ ಅಣ್ಣತಮ್ಮಂದಿರನ್ನು ಬೇರೆ ಬೇರೆ ಗುರುತಿಸಲು ಒದಗುತ್ತದೆ, ಮನೆತನ ಯಾವುದೆಂದು ಹೇಳಲು ಒದಗುವುದಿಲ್ಲ.

ಒಣಕೊಂಬೆಯ ಲೆಕ್ಕ

ಕುಟ್ರುವಿಗೆ ಬೇಕಾದದ್ದು ಎರಡೇ, ಹಣ್ಣು ಬಿಡುವ ಮರ ಮತ್ತು ಸತ್ತ ಕೊಂಬೆ. ಅತ್ತಿ, ಬಸರಿ, ಗೋಣಿ, ಆಲ ಇವುಗಳ ಹಣ್ಣು ಇದರ ಮುಖ್ಯ ಆಹಾರ. ಬೂರುಗ ಮತ್ತು ಹಾಲವಾಣ ಹೂಬಿಟ್ಟಾಗ ಮಕರಂದಕ್ಕೆ ಬರುತ್ತದೆ. ಮೊದಲ ಮಳೆಗೆ ಗೆದ್ದಲುಹುಳ ರೆಕ್ಕೆ ಮೂಡಿ ಏಳುವಾಗ ಅದನ್ನೂ ಹಿಡಿಯುತ್ತದೆ. ತಿಂದ ಹಣ್ಣಿನ ಬೀಜವನ್ನು ದೂರದಲ್ಲಿ ಉದುರಿಸುತ್ತದೆ. ಸೊಪ್ಪಿನ ಬೆಟ್ಟದಲ್ಲಿ ಯಾರೂ ನೆಡದೆ ಎದ್ದ ಅತ್ತಿ ಬಸರಿಗಳಲ್ಲಿ ಕುಟ್ರು ಬಿತ್ತಿದ ಪಾಲೂ ಇದೆ.

ಗೂಡು ಮಾತ್ರ ಕಷ್ಟದ ಕೆಲಸ. ಮರಕುಟಿಗನಷ್ಟು ಗಟ್ಟಿಯಾದ ತಲೆ ಕೊಕ್ಕು ಇದಕ್ಕಿಲ್ಲ, ಹಸಿಮರ ಕೊರೆಯಲಾಗದು. ಸತ್ತು ಮೆತ್ತಗಾದ ಕೊಂಬೆ, ಅದೂ ಬೂರುಗ ಹಾಲವಾಣದಂಥ ಮೆದುಮರ ಸಿಕ್ಕಿದರೆ ಅನುಕೂಲ. ವಾಲಿದ ಕೊಂಬೆಯ ಅಡಿಮೈಗೆ ದುಂಡಗಿನ ಬಾಗಿಲು ಕೊರೆದರೆ ಮಳೆನೀರು ಒಳಗಿಳಿಯುವುದಿಲ್ಲ. ಗಂಡು ಹೆಣ್ಣು ಎರಡೂ ಸೇರಿ ಕೊರೆಯುತ್ತವೆ. ಬಿಳಿಯ ಮೊಟ್ಟೆ. ಹೊರಗಿನ ಕಣ್ಣಿಗೆ ಬೀಳದ ಪೊಟರೆಯಲ್ಲಿ ಇಡುವುದರಿಂದ ಮೊಟ್ಟೆಗೆ ಮರೆಸುವ ಬಣ್ಣ ಬೇಕಾಗಿಲ್ಲ, ಮರಕುಟಿಗನ ಮೊಟ್ಟೆಯೂ ಬಿಳಿಯೇ. ಕಾವು ಸುಮಾರು ಎರಡು ವಾರ, ಮರಿ ಗೂಡಿನಿಂದ ಹೊರಬರಲು ಮತ್ತೆ ಐದು ವಾರಕ್ಕೂ ಹೆಚ್ಚು. ಕುಟ್ರು ಬಿಟ್ಟುಹೋದ ಪೊಟರೆ ಹಾಳು ಬೀಳುವುದಿಲ್ಲ. ಸ್ವಂತ ಕೊರೆಯಲಾಗದ ಬೇರೆ ಹಕ್ಕಿಗಳು ಅದರಲ್ಲಿ ಸಂಸಾರ ಹೂಡುತ್ತವೆ.

ಬಿಳಿಗೆನ್ನೆಯ ಕುಟ್ರು ಗೂಡು ಮಾಡುವುದು ಡಿಸೆಂಬರಿನಿಂದ ಮಳೆಗಾಲದ ಆರಂಭದ ತನಕ. ಕಾಫಿ ಕೊಯ್ಲು ಮುಗಿದು, ಮಳೆ ಹಿಡಿಯುವ ಮೊದಲು ತೋಟದಲ್ಲಿ ಮರಗಸಿ ನಡೆಯುವುದೂ ಅದೇ ತಿಂಗಳುಗಳಲ್ಲಿ. ಒಣಕೊಂಬೆ ಬಿದ್ದು ಕಾಫಿಗಿಡ ಮುರಿಯುತ್ತದೆ, ಕೆಲಸದವರ ತಲೆಗೆ ಅಪಾಯ, ಕಡಿಸುವವರ ಕಾರಣ ಸುಳ್ಳಲ್ಲ. ಹಾಲವಾಣವನ್ನೂ ಕಾಡುಮರವನ್ನೂ ತೆಗೆದು ಸಾಲಿಗೆ ಸಾಲು ಸಿಲ್ವರ್ ಓಕ್ ನಿಲ್ಲಿಸಿದ ತೋಟಗಳೂ ಈಗ ಬೇಕಾದಷ್ಟಿವೆ. ಅಲ್ಲಿ ಮೆಣಸಿನ ಬಳ್ಳಿ ಚೆನ್ನಾಗಿ ಹಬ್ಬಬಹುದು, ಕುಟ್ರು ತಿನ್ನುವ ಹಣ್ಣು ಆ ಮರದಲ್ಲಿ ಇಲ್ಲ. ಮೂಡಿಗೆರೆಯಲ್ಲಿ ತೋಟ ಮಾಡಿಕೊಂಡೇ ಪೂರ್ಣಚಂದ್ರ ತೇಜಸ್ವಿಯವರು ಕನ್ನಡ ನಾಡಿನ ಹಕ್ಕಿಗಳ ಬಗ್ಗೆ ಪುಸ್ತಕ ಬರೆದರು. ತೋಟಗಾರಿಕೆ ಬೇರೆ, ಹಕ್ಕಿ ನೋಡುವುದು ಬೇರೆ ಎಂದು ಮಲೆನಾಡಿನವರು ಅಂದುಕೊಳ್ಳಬೇಕಾಗಿಲ್ಲ.

ಈ ಸಲ ಮರಗಸಿಗೆ ಆಳು ಹತ್ತಿಸುವ ಹಿಂದಿನ ದಿನ ಒಂದು ಸುತ್ತು ತೋಟ ತಿರುಗಿ ಬನ್ನಿ. ಒಣಕೊಂಬೆಯ ಅಡಿಮೈಯಲ್ಲಿ ದುಂಡಗಿನ ತೂತು, ಅದರ ಕೆಳಗೆ ನೆಲದಲ್ಲಿ ಹೊಸ ಮರದ ಚೂರು ಕಂಡರೆ ಆ ಮರಕ್ಕೊಂದು ಬಟ್ಟೆ ಕಟ್ಟಿ ಗುರುತು ಮಾಡಿ. ಓಡಾಟದ ದಾರಿಯ ಮೇಲಿಲ್ಲದ ಕೊಂಬೆಯಾದರೆ ಜುಲೈ ತನಕ ಬಿಟ್ಟುಬಿಡಿ.